ಗಾಳಿ ಸಿಗದ ಬೈಕು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಓದಿದವರು ಕೈಬಿಟ್ಟ ಗಾಡಿಗಳನ್ನೂ ಓಡಿಸಿ ತೋರಿಸಿದ್ದೇನೆ ಎಂಬ ಹೆಮ್ಮೆ ಭದ್ರಾವತಿಯಲ್ಲಿ ಇಷ್ಟು ವರ್ಷ ನನ್ನನ್ನು ನಡೆಸಿದೆ. ಹಾಗಾಗಿ ನನ್ನ ಗ್ಯಾರೇಜಿನ ಎದುರಿಗೇ ಐಟಿಐ ಮಾಡಿದವನೊಬ್ಬ ಸರ್ಟಿಫಿಕೇಟು ತೂಗುಹಾಕಿ ಶಟರ್ ಎತ್ತಿದ ದಿನದಿಂದ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನು.

ಕಾಗದನಗರದ ಮೇಷ್ಟ್ರೊಬ್ಬರು ಮಾತ್ರ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಬೈಕಿಗೆ ನನ್ನ ಕೈಯೇ ಆಗಬೇಕು. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿಕೊಂಡ ಮೇಲೂ ಬೈಕು ಬಿಟ್ಟವರಲ್ಲ. "ನಂದೂ ಪೈಪ್ ಬ್ಲಾಕ್ ಆಗಿತ್ತು ಮಾರಾಯ, ಈಗ ಕ್ಲೀನು" ಎಂದು ನಗುತ್ತಿದ್ದರು.

ಹೋದ ವರ್ಷ ಆಯುಧಪೂಜೆ ಮುಗಿದ ವಾರವೇ ಆ ಬೈಕು ತೊಂದರೆ ಕೊಡಲು ಶುರು ಮಾಡಿತು. ಶಿವಮೊಗ್ಗದ ಕೋಟೆಯ ದೇವಸ್ಥಾನಕ್ಕೆ ಹೊರಟರೆ ಅರ್ಧ ದಾರಿಯಲ್ಲಿ ನಿಂತುಬಿಡುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ನಾನು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡಿದೆ, ಕಾರ್ಬರೇಟರ್ ಬಿಚ್ಚಿ ತೊಳೆದೆ, ಪ್ಲಗ್ ಬದಲಿಸಿದೆ. ನನ್ನ ಮುಂದೆ ಚೆನ್ನಾಗಿಯೇ ಓಡಿತು. ವಾರ ಕಳೆದರೆ ಮತ್ತೆ ಅದೇ ಕತೆ. ಮತ್ತೆ ತೊಳೆದೆ.

ಮೂರನೇ ಸಲ ನಾನು ಆಟೋ ಕೆಳಗೆ ಮಲಗಿದ್ದೆ. ಚಕ್ರದ ಸಂದಿಯಿಂದ ನೋಡಿದರೆ ಮೇಷ್ಟ್ರ ಬೈಕು ಎದುರು ಗ್ಯಾರೇಜಿನಲ್ಲಿ ನಿಂತಿದೆ, ಅವರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಾರೆ. ಸರಿ, ಇವರೂ ಹೋದರು ಎಂದುಕೊಂಡೆ. ಏಳಲಿಲ್ಲ. ಆಗಲೇ ಬಿಗಿಯಾಗಿದ್ದ ನಟ್ಟನ್ನು ಇನ್ನಷ್ಟು ತಿರುವುತ್ತ ಮಲಗಿದ್ದೆ.

"ಅಣ್ಣಾ, ಬೇಗ ಬನ್ನಿ. ಸಾರ್ ನಿಮ್ಮನ್ನೇ ಕೇಳ್ತಿದಾರೆ" ಎಂದು ಆ ಐಟಿಐನವನು ಕೂಗಿದ.

ಹೋದೆ. ಮೇಷ್ಟ್ರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಾಲಗೆಯ ಕೆಳಗೆ ಮಾತ್ರೆ ಇಟ್ಟುಕೊಂಡಿದ್ದರು. ಈ ಸಲ ದಾರಿಯಲ್ಲಿ ನಿಂತ ಬೈಕು ಎಷ್ಟು ಹೊತ್ತು ಬಿಟ್ಟರೂ ಸ್ಟಾರ್ಟ್ ಆಗದೆ, ಅಷ್ಟು ದೂರದಿಂದ ತಳ್ಳಿಕೊಂಡು ಬಂದಿದ್ದರು.

"ನಿನ್ ಹತ್ರಾನೇ ಬರ್ತಿದ್ದೆ ಕಣಯ್ಯ. ರಸ್ತೆ ದಾಟೋಕೆ ಉಸಿರು ಸಾಲ್ಲಿಲ್ಲ" ಎಂದರು.

ಅವರ ಉಸಿರು ತಹಬಂದಿಗೆ ಬಂದ ಮೇಲೆ ಅವನು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಸ್ವಲ್ಪ ಬಿಟ್ಟು ಒದ್ದರೆ ಒಂದೇ ಕಿಕ್ಕಿಗೆ ಸ್ಟಾರ್ಟ್.

ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲ್ ಖಾಲಿಯಾದಂತೆ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಇಳಿಯುವುದಿಲ್ಲ. ಆ ತೂತು ಮುಚ್ಚಿತ್ತು. ಮುಚ್ಚಿದವನು ನಾನೇ. ಆಯುಧಪೂಜೆಯ ದಿನ ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮುಚ್ಚಳದ ಮೇಲೆ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಿದ್ದೆ. ಒಣಗಿ ಗಾರೆಯಂತಾಗಿತ್ತು. ದೇವರ ಗುರುತೆಂದು ಮೇಷ್ಟ್ರು ಒರೆಸಿರಲಿಲ್ಲ. ಪ್ರತಿ ಸಲವೂ ಪೆಟ್ರೋಲ್ ನೋಡಲು ಮುಚ್ಚಳ ತೆಗೆದು ಗಾಳಿ ಬಿಟ್ಟು, ಬೈಕು ಓಡಿದ್ದು ನನ್ನ ಕೈಗುಣ ಎಂದುಕೊಂಡಿದ್ದೆ.

ಅವನಿಗೆ ಎಲ್ಲ ಅರ್ಥವಾಗಿತ್ತು. ಉಗುರಿನಲ್ಲಿ ವಿಭೂತಿ ಕೆರೆಯುತ್ತ, "ಧೂಳು ಕಟ್ಟಿದೆ ಸಾರ್, ಯಾರಿಗೂ ಗೊತ್ತಾಗಲ್ಲ" ಎಂದ. ಹೀಯಾಳಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಆ ದೊಡ್ಡತನ ಕಂಡು ಹೊಟ್ಟೆ ಇನ್ನೂ ಉರಿಯಿತು. ಅವನ ಉಪಕಾರ ನನಗೆ ಬೇಕಿರಲಿಲ್ಲ.

"ಧೂಳಲ್ಲ ಸಾರ್, ವಿಭೂತಿ. ನಾನೇ ಬಳಿದಿದ್ದು" ಎಂದೆ.

ಮೇಷ್ಟ್ರು ಮುಚ್ಚಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ವಿಭೂತಿ ಹಚ್ಚಿ ನನ್ನ ಸೀದಾ ಶಿವನ ಪಾದಕ್ಕೇ ಕಳಿಸ್ತಿದ್ದೆಯಲ್ಲೋ" ಎಂದು ನಗಲು ಹೋಗಿ ಕೆಮ್ಮಿದರು.

ಬೈಕು ಈಗಲೂ ನನ್ನಲ್ಲಿಗೇ ಬರುತ್ತದೆ. ಆದರೆ ನಾನು ಕೆಲಸ ಮುಗಿಸುವವರೆಗೂ ಮೇಷ್ಟ್ರು ಎದುರುಗಡೆ ಅವನ ಜೊತೆ ಟೀ ಕುಡಿಯುತ್ತಿರುತ್ತಾರೆ. ಇಬ್ಬರೂ ನಕ್ಕರೆ ಸಾಕು, ಓಡುತ್ತಿರುವ ಇಂಜಿನ್ ಆಫ್ ಮಾಡಿ ಏನು ಮಾತಾಡುತ್ತಾರೋ ಎಂದು ಕೇಳಿಸಿಕೊಳ್ಳಲು ನೋಡುತ್ತೇನೆ. ಬಸ್ಸು ಲಾರಿಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.