ತಪ್ಪಿನ ಹೆಸರು

ಬಾಜೂ ಮನೆಯ ಕಾಕಾರ ಹುಬ್ಬುಗಳೆರಡೂ ನಡುವೆ ಕೂಡಿಕೊಂಡು ಒಂದೇ ದಪ್ಪ ಗೆರೆಯಾಗಿದ್ದವು. ಹಾಗಾಗಿ ಕ್ಷಮೆ ಕೇಳಲು ಬಂದಾಗಲೂ ಅವರು ಜಗಳ ತೆಗೆಯಲು ಬಂದವರ ಹಾಗೆಯೇ ಕಾಣುತ್ತಿದ್ದರು.

ಸದಲಗಾದಲ್ಲಿ ನಮ್ಮದು ಜೈನರ ಓಣಿ. ನಾವು ಮಾತ್ರ ಜೈನರಲ್ಲ. ದಶಲಕ್ಷಣ ಪರ್ವ ಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಓಣಿಯವರೆಲ್ಲ ಕೈ ಮುಗಿದು ‘ಉತ್ತಮ ಕ್ಷಮಾ’ ಅನ್ನುತ್ತ ಮನೆಮನೆಗೆ ಹೋಗುತ್ತಿದ್ದರು. ಕಾಕಾರಿಗೆ ಅಷ್ಟು ಸಾಲುತ್ತಿರಲಿಲ್ಲ. ಒಮ್ಮೆ ನಮ್ಮ ಅವ್ವನ ಮುಂದೆ ಬಂದು ನಿಂತರು.

“ವೈನಿ, ನಿಮ್ಮ ಎಮ್ಮಿ ನಮ್ಮ ಕಬ್ಬಿನ್ಯಾಗ ಹೊಕ್ಕಾಗ ನಿಮಗ ಮನಸಿನ್ಯಾಗ ಬೈದಿದ್ದೆ. ತಪ್ಪಾತು.”

“ಏನಂತ ಬೈದ್ರಿ?” ಅಂದಳು ಅವ್ವ.

“ಅದನ್ನ ಹೇಳಿದ್ರ ಮತ್ತ ಕ್ಷಮಾ ಕೇಳಬೇಕಾಗತೈತಿ.”

ಬರಿಯ ಕ್ಷಮೆ ಉಪ್ಪಿಲ್ಲದ ಅಂಬಲಿ, ತಪ್ಪಿನ ಹೆಸರು ಹೇಳಬೇಕು ಅನ್ನುವುದು ಅವರ ಹಟ.

ಅವರ ಓಡಾಟದ ಕೊನೆಯ ಬಾಗಿಲು ತಮ್ಮನದು. ಆಸ್ತಿ ಹಿಸ್ಸೆಯಾದಾಗ ಮನೆಯ ನಡುವೆ ಗೋಡೆ ಎದ್ದು, ಮಾತು ನಿಂತಿತ್ತು. ಆ ಸಿಟ್ಟಿನಲ್ಲಿ ಕಾಕಾ, ತಾಯಿ ಸಾಯುವಾಗ ಗೋಡೆಯಾಚೆಯ ತಮ್ಮನನ್ನು ಕರೆದಿರಲಿಲ್ಲ. ಉಸಿರು ನಿಂತ ಮೇಲೆ ಹೇಳಿ ಕಳಿಸಿದ್ದರು. ಅದನ್ನು ಅವನೆದುರು ಬಾಯಿಬಿಟ್ಟು ಹೇಳಬೇಕು, ಅದೊಂದೇ ಅವರ ಹಂಬಲ. ಪ್ರತಿ ವರ್ಷ ಹೋಗಿ ನಿಲ್ಲುತ್ತಿದ್ದರು. ಆ ತಮ್ಮನೋ, ಹೊಸ್ತಿಲಲ್ಲೇ ಕೈ ಮುಗಿದು, ‘ಉತ್ತಮ ಕ್ಷಮಾ’ ಅಂದು ಒಳಗೆ ಹೋಗಿಬಿಡುತ್ತಿದ್ದರು.

“ಅಂವ ಕ್ಷಮಾ ಅಂದಾ ತಂಗಿ,” ಎಂದು ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. “ಯಾಕ ಬಂದಿ ಅಂತ ಮಾತ್ರ ಕೇಳಲಿಲ್ಲ.”

ಕೈ ಮುಗಿಯುವುದು ಎಷ್ಟು ಸುಲಭ ಅನ್ನುವುದು ನನಗೆ ಅರ್ಥವಾದದ್ದು ಆ ಕಟ್ಟೆಯ ಮೇಲೆಯೇ.

ಹೋದ ವರ್ಷ ಆ ಕ್ಷಮೆಯ ದಿನ ಅವರಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ತಮ್ಮನೇ ಬಂದಾನು ಎಂದು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಸಂಜೆ ಅವರ ಫೋನು ಸದ್ದು ಮಾಡಿತು. ಹತ್ತಿರ ಕೂತಿದ್ದ ನಾನೇ ತೆಗೆದು ತೋರಿಸಿದೆ. ಅವರ ತಮ್ಮ ಕಳಿಸಿದ್ದು: ಮುಗಿದ ಕೈಗಳ ಚಿತ್ರ, ಕೆಳಗೆ ಯಾರೋ ಬರೆದ ಎರಡು ಸಾಲು.

“ಅಂವ ಕೆಮ್ಮೂದು ಗ್ವಾಡಿ ಈಚಿಗೆ ನನಗ ಕೇಳಾಕತ್ತೈತಿ,” ಅಂದರು ಕಾಕಾ. “ಫೋನಿನ್ಯಾಗ ಸುತ್ತಹಾಕಿ ಯಾಕ ಬಂದಾನ?”

ನನಗೆ ಅಳು ಬಂತು. ಸ್ವಲ್ಪ ಹೊತ್ತಿನ ಮೇಲೆ, “ನಾ ಹೋದಮ್ಯಾಗ ನೀನರ ಅವಗ ಹೇಳು,” ಅಂದರು. ದೀಪಾವಳಿಗೆ ಮೊದಲೇ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿದ ಮರುದಿನ ಅವರ ತಮ್ಮ ಬಂದು ನಮ್ಮ ಕಟ್ಟೆಯ ಮೇಲೆ, ಕಾಕಾ ಕೂರುವ ಜಾಗದಲ್ಲೇ ಕೂತರು. ನಾನು ಎಲ್ಲ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಗೊತ್ತಿತ್ತ ತಂಗಿ. ಅದನ್ನ ಹೇಳಾಕನ ಬರತಾನ ಅಂತ ಗೊತ್ತಿತ್ತ.”

“ಮತ್ತ ಒಳಗ ಯಾಕ ಕರೀಲಿಲ್ರಿ?”

“ಅಂವ ತನ್ನ ತಪ್ಪು ಹೇಳಿದ್ರ, ನಾನೂ ನಂದು ಹೇಳಬೇಕಾಗತಿತ್ತ.”

ನಿಮ್ಮದೇನು ಎಂದು ಕೇಳಿದೆ.

“ಅದು ಅಣ್ಣಗ ಹೇಳೂದು,” ಅಂದು, ಎದ್ದು ಮನೆಗೆ ಹೋದರು.