ಹೊರಗೆ ಬೀಳದ ಖಾಲಿ ತೋಟಾ

ಕಡೂರಿನಲ್ಲಿ ನಮ್ಮ ಸಶಸ್ತ್ರ ಪೊಲೀಸ್ ತುಕಡಿಯ ಆಯುಧ ಕೋಣೆ ಹನ್ನೊಂದು ವರ್ಷ ನನ್ನ ಕೈಯಲ್ಲಿತ್ತು. ನಾನು ಅಲ್ಲಿಯ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು. ಜಂಬ ಅನ್ನುವವರು ಧಾರಾಳವಾಗಿ ಅನ್ನಲಿ, ನಾನು ಬಿಚ್ಚಿ ಜೋಡಿಸಿದ ರೈಫಲ್ ಮತ್ತೆ ಇನ್ನೊಬ್ಬನ ಕೈಗೆ ರಿಪೇರಿಗೆ ಹೋದದ್ದಿಲ್ಲ. ಒಂದೇ ಒಂದು ಸಲ ನನ್ನ ರೈಫಲ್ ಕೈಕೊಟ್ಟಿತು. ಅದನ್ನು ಹೇಳಲೆಂದೇ ಕೂತಿದ್ದೇನೆ.

ಎಂಬತ್ತರ ಆಸುಪಾಸಿನಲ್ಲಿ ನಮಗೆ ಸೆಮಿ ಆಟೊಮ್ಯಾಟಿಕ್ ರೈಫಲ್ಲುಗಳು ಬಂದವು. ಹಳೆಯ ರೈಫಲ್ಲಿನಲ್ಲಿ ಗುಂಡಿಗೊಮ್ಮೆ ಕೈಯಿಂದ ಹಿಂಬದಿಯ ಅಗುಳಿಯನ್ನು, ಅಂದರೆ ಬೋಲ್ಟನ್ನು, ಎಳೆಯಬೇಕಿತ್ತು. ಇದರಲ್ಲಿ ಗುಂಡು ಹಾರಿದ ಗ್ಯಾಸಿನ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಬೋಲ್ಟಿನ ಮೂತಿಯಲ್ಲಿ ಎಕ್ಸ್‌ಟ್ರಾಕ್ಟರ್ ಅಂತ ಒಂದು ಕೊಕ್ಕೆ. ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿ ಕಚ್ಚಿ ಎಳೆಯುವಂತೆ ಅದು ಗುಂಡು ಹಾರಿ ಉಳಿದ ಖಾಲಿ ತೋಟಾದ, ಅಂದರೆ ಹಿತ್ತಾಳೆ ಕೊಳವೆಯ, ಅಂಚು ಹಿಡಿದು ಎಳೆಯುತ್ತದೆ. ಹಿಂದೆ ಬರುವ ತೋಟಾಕ್ಕೆ ಇಜೆಕ್ಟರ್ ಎಂಬ ಸಣ್ಣ ಗೂಟ ಗುದ್ದಿ ಬಲಕ್ಕೆ ಎಸೆಯುತ್ತದೆ. ಇಷ್ಟೇ ಕೆಲಸ. ಇಷ್ಟರಲ್ಲಿ ಒಂದು ತಪ್ಪಿದರೂ ಮುಂದಿನ ಗುಂಡು ಒಳಗೆ ಹೋಗುವುದಿಲ್ಲ.

ಫೈರಿಂಗ್ ನಡೆಯುವಾಗ ಎಲ್ಲರೂ ಗುರಿಹಲಗೆ ನೋಡಿದರೆ ನಾನು ನೆಲ ನೋಡುತ್ತಿದ್ದೆ. ಖಾಲಿ ತೋಟಾ ಮೂರು ಮಾರು ದೂರ ಬಿದ್ದರೆ ರೈಫಲ್ ಆರೋಗ್ಯವಾಗಿದೆ. ಕಾಲ ಬಳಿಯೇ ಬಿದ್ದರೆ ಬೋಲ್ಟ್ ಸೋಮಾರಿಯಾಗಿದೆ. ತೋಟಾದ ಅಂಚು ಹರಿದಿದ್ದರೆ ಕೊಕ್ಕೆ ಜಾರಿದೆ, ಇಲ್ಲವೇ ಒಳಗೆಲ್ಲೋ ಕೊಳೆ ಕೂತು ತೋಟಾ ಕಚ್ಚಿಕೊಂಡಿದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ನೋಡಿ ನೋಡಿ ಕಲಿತೆ.

ರೈಫಲ್ ಕೈಕೊಟ್ಟ ಆ ವರ್ಷ ಚಳಿಗಾಲದ ಫೈರಿಂಗಿಗೆ ಎರಡು ವಾರ ಇರುವಾಗ ರೈಫಲ್ಲಿಗೆ ಹಾಕುವ ಎಣ್ಣೆ ಮುಗಿಯಿತು. ಬರೆದು ಕಳಿಸಿದರೆ ‘ಬರುತ್ತೆ ಇರ್ರೀ’ ಅನ್ನುವ ಉತ್ತರ. ನನಗೆ ಕಾಯುವ ಬುದ್ಧಿ ಎಲ್ಲಿಯದು? ನನ್ನ ಹೆಂಡತಿಯ ತವರು ಶಿವನಿ. ನಮ್ಮತ್ತೆ ಸ್ವಂತ ಮರದ ಕೊಬ್ಬರಿಯನ್ನು ಅಜ್ಜಂಪುರದ ಗಾಣಕ್ಕೆ ಹಾಕಿಸಿ ಡಬ್ಬಿ ತುಂಬಾ ಎಣ್ಣೆ ಕಳಿಸಿದ್ದರು. ಮೂಸಿದರೆ ಹಸಿವಾಗುವಂಥ ಎಣ್ಣೆ. ನಮ್ಮ ಎಣ್ಣೆಗೇನು ಕಮ್ಮಿ ಅಂತ ಅದನ್ನೇ ತಂದು ಮಧ್ಯಾಹ್ನದ ಬಿಸಿಲಲ್ಲಿ ಕೂತು ಎಲ್ಲ ಬೋಲ್ಟುಗಳಿಗೂ ಸವರಿದೆ. ನೀರಿನ ಹಾಗೆ ಓಡಾಡಿದವು. ಅಹಾ, ಏನು ಖುಷಿ ನನಗೆ!

ಆಗ ಲಿಂಗದಹಳ್ಳಿ ಕಡೆಯ ಒಬ್ಬ ಕಾನ್‌ಸ್ಟೇಬಲ್ ಬಾಗಿಲಲ್ಲಿ ಬಂದು ನಿಂತ. ಮೈ ದೊಡ್ಡದು, ಜೀವ ಪುಕ್ಕಲು. ಹಿಂದಿನ ಎರಡು ವರ್ಷವೂ ಗುರಿಯಲ್ಲಿ ಫೇಲಾಗಿದ್ದ. ಮೂರನೆಯ ಸಲವೂ ಫೇಲಾದರೆ ತುಕಡಿಯಿಂದ ತೆಗೆದು ದೂರದ ಠಾಣೆಗೆ ಹಾಕುತ್ತಿದ್ದರು. ಕಡೂರಿನ ಕ್ವಾರ್ಟರ್ಸ್ ಬಿಡಬೇಕಿತ್ತು. ಮಗಳು ಅಲ್ಲಿಯ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಅವರ ಮನೆತನದಲ್ಲಿ ಅಲ್ಲಿಯವರೆಗೆ ಓದಿದ ಮೊದಲ ಹೆಣ್ಣುಮಗು.

‘ಅಣ್ಣ, ನನ್ ರೈಫಲ್ನ ವಸಿ ಚೆನ್ನಾಗಿ ನೋಡ್ಬಿಡಣ್ಣ. ಮಗೀಗೆ ಇನ್ನ ಮೂರು ತಿಂಗ್ಳಿಗೆ ಪರೀಕ್ಷೆ.’

‘ನನ್ ಕೈಯಿಂದ ಹೋದ್ ರೈಫಲ್ ಕಣೋ ಅದು. ನೀನು ಕಣ್ ಬಿಟ್ಕೊಂಡು ಹೊಡಿ, ಸಾಕು’ ಅಂದೆ. ಪಾಪ ಅನ್ನಿಸಿ ಅವನ ರೈಫಲ್ಲಿಗೆ ಎರಡು ಪಾಲು ಎಣ್ಣೆ ಹಾಕಿದೆ.

ಫೈರಿಂಗಿನ ದಿನ ಬೆಳಿಗ್ಗೆ ಏಳಕ್ಕೆಲ್ಲ ಊರಾಚೆಯ ಮೈದಾನದಲ್ಲಿದ್ದೆವು. ಬಾಯಿ ಬಿಟ್ಟರೆ ಹೊಗೆ ಬರುವ ಚಳಿ. ಮೊದಲ ಸಾಲಿನಲ್ಲೇ ಅವನ ಸರದಿ. ಎರಡನೆಯ ಗುಂಡಿಗೇ ಖಾಲಿ ತೋಟಾ ಹೊರಗೆ ಬೀಳುವ ಕಂಡಿಯಲ್ಲೇ ಅಡ್ಡ ನಿಂತಿತು. ನಾನು ಹೋಗಿ ಬಿಡಿಸಿದೆ. ನಾಲ್ಕನೆಯದಕ್ಕೆ ಮತ್ತೆ ಸಿಕ್ಕಿಕೊಂಡಿತು, ಐದನೆಯದಕ್ಕೂ ಅದೇ. ಪಕ್ಕದವರಿಗೂ ಒಂದೊಂದು ಸಲ ಸಿಕ್ಕಿತು, ಅವರು ಎಳೆದುಕೊಂಡು ಮುಂದುವರಿದರು. ಇವನು ಹೆದರಿ ಕಣ್ಣು ಮುಚ್ಚಿಕೊಂಡೇ ಹೊಡೆಯತೊಡಗಿದ. ಉಳಿದ ಗುಂಡುಗಳೆಲ್ಲ ಹಲಗೆ ಬಿಟ್ಟು ಹಿಂದಿನ ಗುಡ್ಡಕ್ಕೆ ಹೋದವು.

‘ಹಿಡಿತವೇ ಇಲ್ಲ ಕಣ್ರೀ ಇವನಿಗೆ’ ಅಂದರು ಇನ್‌ಸ್ಪೆಕ್ಟರ್ ಸಾಹೇಬರು. ನನ್ನ ಕಡೆ ತಿರುಗಿ, ‘ರೈಫಲ್ ಸರಿ ಇದೆಯೇನ್ರೀ?’ ಅಂದರು.

‘ನನ್ ರೈಫಲ್ಲಿಗೆ ಏನೂ ಆಗಿಲ್ಲ ಸಾರ್. ಇವನು ಸಡಿಲ ಹಿಡೀತಾನೆ’ ಅಂದುಬಿಟ್ಟೆ. ನೋಡದೆ ಅಂದೆ. ಹನ್ನೊಂದು ವರ್ಷದಲ್ಲಿ ನೋಡದೆ ಆಡಿದ ಮಾತು ಅದೊಂದೇ. ಸಾಹೇಬರು ಅವನ ಹೆಸರಿನ ಮುಂದೆ ಫೇಲ್ ಅಂತ ಬರೆದರು. ಅವನು ರೈಫಲ್ಲನ್ನು ನನ್ನ ಕೈಗೆ ಕೊಟ್ಟು, ಹೋಗಿ ಒಂದು ಕಲ್ಲಿನ ಮೇಲೆ ಕೂತ.

ಮನಸ್ಸು ತಡೆಯಲಿಲ್ಲ. ಅವನ ಖಾಲಿ ತೋಟಾಗಳನ್ನು ಆಯ್ದು ಅಂಗೈಯಲ್ಲಿಟ್ಟು ನೋಡಿದೆ. ಅಂಚು ಹರಿದಿರಲಿಲ್ಲ, ಅಂದರೆ ಕೊಕ್ಕೆ ಸರಿಯಾಗೇ ಹಿಡಿದಿದೆ. ಗೂಟವನ್ನು ಉಗುರಿನಿಂದ ಮುಟ್ಟಿ ನೋಡಿದೆ, ಮುರಿದಿರಲಿಲ್ಲ. ಗ್ಯಾಸಿನ ತೂತು ಕಟ್ಟಿರಲಿಲ್ಲ. ಹಾಗಿದ್ದರೆ ತೋಟಾ ನಳಿಗೆಯಿಂದ ಹಿಂದೆ ಬಂದಿದೆ, ಆದರೆ ಎಸೆಯುವಷ್ಟು ಹಿಂದಕ್ಕೆ ಬೋಲ್ಟ್ ಹೋಗಿಲ್ಲ. ಏನೋ ಒಂದು ಅದನ್ನು ಹಿಡಿದು ನಿಲ್ಲಿಸುತ್ತಿದೆ. ಮೇಲಿನ ಮುಚ್ಚಳ ಸರಿಸಿ ಬೆರಳು ಹಾಕಿದೆ. ಬೆರಳಿಗೆ ಬೆಳ್ಳಗೆ ಬೆಣ್ಣೆಯಂಥದ್ದು ಮೆತ್ತಿಕೊಂಡಿತು. ಮೂಸಿದೆ. ನಮ್ಮ ಮನೆಯ ವಾಸನೆ!

ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ ಅನ್ನುವುದು ಕಡೂರು ಸೀಮೆಯಲ್ಲಿ ತಲೆ ಬಾಚಿಕೊಳ್ಳುವ ಎಲ್ಲರಿಗೂ ಗೊತ್ತು. ಶೀಶೆಯನ್ನು ಬಿಸಿಲಿಗಿಟ್ಟು ಕರಗಿಸಿಕೊಂಡೇ ನಾನೂ ದಿನಾ ತಲೆಗೆ ಹಚ್ಚುತ್ತಿದ್ದೆ. ಅಷ್ಟು ಬುದ್ಧಿ ಕೆಲಸದ ಹೊತ್ತಿಗೆ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ!

ಯಾರೂ ನೋಡುತ್ತಿರಲಿಲ್ಲ. ಸೀಮೆಎಣ್ಣೆ ಹಚ್ಚಿ ಒರೆಸಿಬಿಟ್ಟರೆ ಮುಗಿಯಿತು. ಆ ತಿಂಗಳೇ ನನ್ನನ್ನು ಹೆಡ್ ಕಾನ್‌ಸ್ಟೇಬಲ್ ಮಾಡಲು ಸಾಹೇಬರು ಬರೆಯುವವರಿದ್ದರು, ತೋಳಿಗೆ ಪಟ್ಟಿ ಬರುವುದಿತ್ತು. ನನ್ನ ಹೆಂಡತಿ ಆಗಲೇ ಶಿವನಿಯ ತವರಿಗೆ ಸುದ್ದಿ ಮುಟ್ಟಿಸಿದ್ದಳು. ಕಲ್ಲಿನ ಮೇಲೆ ಕೂತವನನ್ನು ನೋಡಿದೆ. ಆ ಬೆಳ್ಳನೆಯ ಬೆರಳನ್ನು ಒರೆಸದೆ ಹಾಗೇ ಹಿಡಿದುಕೊಂಡು ಸಾಹೇಬರ ಮುಂದೆ ಹೋಗಿ ನಿಂತೆ.

‘ತಪ್ಪು ಅವನದಲ್ಲ ಸಾರ್. ಎಣ್ಣೆ ನಂದು, ಹಾಕ್ದವನೂ ನಾನೇ. ಕೊಬ್ಬರಿ ಎಣ್ಣೆ, ಚಳಿಗೆ ಹೆಪ್ಪುಗಟ್ಟಿದೆ.’

ಅವರು ನನ್ನ ಬೆರಳನ್ನು ನೋಡಿದರು, ಮುಖ ನೋಡಿದರು. ‘ನಾನು ಕೇಳ್ದಾಗ ಏನಂದ್ರಿ?’

‘ಅದೂ ತಪ್ಪು ಸಾರ್. ನೋಡ್ದೆ ಹೇಳ್ದೆ. ಅವನಿಗೆ ಇನ್ನೊಂದ್ ಸಲ ಕೊಡಿ.’

ಸಾಹೇಬರು ಕೈಗಡಿಯಾರ ನೋಡಿ, ‘ಅರ್ಧ ಗಂಟೆ’ ಅಂದರು.

ಅರ್ಧ ಗಂಟೆ ಯಾರಿಗೆ ಬೇಕಿತ್ತು! ಬೋಲ್ಟ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚಿಂದಿ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆಯೂ ಇಲ್ಲದೆ ಜೋಡಿಸಿ ಹದಿನೆಂಟು ನಿಮಿಷಕ್ಕೆ ಅವನ ಕೈಗಿಟ್ಟೆ. ‘ಏಳಲೇ. ಈಗ ತಪ್ಪಿದ್ರೆ ಅದು ನಿಂದು’ ಅಂದೆ.

ಅವನು ಮಲಗಿ ಗುರಿ ಹಿಡಿದ. ನಾನು ಹಲಗೆಯ ಕಡೆ ನೋಡಲೇ ಇಲ್ಲ. ಠಣ್ ಅಂತ ಮೊದಲ ತೋಟಾ ಮೂರು ಮಾರು ದೂರಕ್ಕೆ ಹಾರಿತು. ಎರಡನೆಯದು ಅದರ ಪಕ್ಕಕ್ಕೇ ಬಿತ್ತು. ಹತ್ತೂ ತೋಟಾ ಒಂದು ಮೊರದಗಲದ ಜಾಗದಲ್ಲಿ ಬಿದ್ದವು. ಹಲಗೆ ನೋಡಿ ಬಂದವರು ‘ಪಾಸ್’ ಅಂತ ಕೂಗಿದಾಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಕಿತ್ತುಹೋಗಬೇಕಿತ್ತು.

‘ನಿಮ್ ಪಟ್ಟಿ ವಿಷಯ ಈ ವರ್ಷ ಬರೆಯೋಕಾಗಲ್ಲ’ ಅಂದರು ಸಾಹೇಬರು. ‘ಸರಿ ಸಾರ್’ ಅಂದೆ. ಮನೆಯಲ್ಲಿ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಬಡ್ತಿಯ ಕಾಗದ ಇನ್ನೂ ಮೇಲಿನ ಆಫೀಸಿನಲ್ಲಿದೆ ಅಂತ ಐದು ತಿಂಗಳು ತಳ್ಳಿದೆ.

ರಿಸಲ್ಟ್ ಬಂದ ದಿನ ಅವನು ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಹುಡುಗಿ ಫಸ್ಟ್ ಕ್ಲಾಸು. ‘ಮೊದ್ಲು ಇವರಿಗೆ ಕೊಡವ್ವ’ ಅಂತ ಪೇಡದ ಪೊಟ್ಟಣ ಬಿಚ್ಚಿಸಿದ. ನಾನು ತಡೆಯುವುದರೊಳಗೆ ಅವತ್ತು ಮೈದಾನದಲ್ಲಿ ನಡೆದದ್ದನ್ನೆಲ್ಲ ನನ್ನ ಹೆಂಡತಿಯ ಮುಂದೆ ಒಪ್ಪಿಸಿಬಿಟ್ಟ. ಪಟ್ಟಿ ತಪ್ಪಿದ್ದೂ ಬಂತು, ಕೊಬ್ಬರಿ ಎಣ್ಣೆಯೂ ಬಂತು.

ಅವರು ಹೋದ ಮೇಲೆ ಇವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ.

‘ಎಲ್ಲರ ಮುಂದೆ ನಮ್ಮಮ್ಮನ ಎಣ್ಣೆ ಮೇಲೆ ಗೂಬೆ ಕೂರಿಸಿದ್ರಾ?’

‘ಇಲ್ಲ ಕಣೇ. ಎಣ್ಣೆ ನಂದು ಅಂದೆ.’

ಅವಳು ತಟ್ಟೆಯಲ್ಲಿ ಉಳಿದಿದ್ದ ಪೇಡ ಎತ್ತಿ ನನ್ನ ಬಾಯಿಗಿಟ್ಟು, ‘ಪಟ್ಟಿ ವಿಷಯ ಶಿವನಿಯಲ್ಲಿ ನಾನೇ ಹೇಳ್ಕೊತೀನಿ ಬಿಡಿ’ ಅಂದಳು.