ಬೇರಿಗೆ ಕಟ್ಟಿದ ಔಷಧಿ

ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಯಜಮಾನರು ತೋಟದಿಂದ ಬಂದು ಜಗಲಿಯ ಮೇಲೆ ಕುಸಿದು ಕುಳಿತರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅಂಗಿ ಬೆವರಿಗೆ ತೊಪ್ಪೆ. ಶುಗರ್ ಲೋ ಇರಬೇಕೆಂದು ಸಕ್ಕರೆ ನೀರು ಕೊಟ್ಟೆ. ಅದೂ ವಾಂತಿಯಾಯಿತು. ತೋಟದ ಕೆಲಸಕ್ಕೆ ಬರುವ ಸಿದ್ದಪ್ಪ ಆಟೊ ತಂದ. ತುರುವೇಕೆರೆ ಆಸ್ಪತ್ರೆಗೆ ಓಡಿದೆವು.

ಚಿಕ್ಕ ವಯಸ್ಸಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

"ಏನಾದ್ರೂ ಕುಡಿದ್ರಾ ಅಮ್ಮ? ಮೈಮೇಲೆ ಔಷಧಿ ಚೆಲ್ಲಿಕೊಂಡ್ರಾ?"

"ನೋ ಡಾಕ್ಟರ್. ಫುಡ್ ಪಾಯ್ಸನ್ ಇರಬೇಕು."

ಸುಳ್ಳು.

ಬೆಳಗಿನಿಂದ ಅವರು ತೆಂಗಿನ ಮರಗಳಿಗೆ ಹುಳುವಿನ ಔಷಧಿ ಕಟ್ಟುತ್ತಿದ್ದರು. ಎಳೆ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧಿಯ ಪ್ಲಾಸ್ಟಿಕ್ ಕವರಿಗೆ ಇಳಿಸಿ, ದಾರ ಸುತ್ತುವ ಕೆಲಸ. ಬರಿಗೈ. ನಾಲ್ಕು ಮರಕ್ಕೊಮ್ಮೆ ಅದೇ ಕೈಯಲ್ಲಿ ಎಲೆಅಡಿಕೆ. ಆಟೊದಲ್ಲೇ ಪಂಚೆಯ ಮೇಲಿನ ಔಷಧಿ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಆದರೆ ವಿಷ ಎಂದರೆ ಪೊಲೀಸು, ಎಂಎಲ್‌ಸಿ ಎಂಬ ಆಸ್ಪತ್ರೆಯ ಕೇಸು. ಆಮೇಲೆ ಊರಿನ ಬಾಯಿ, ಈ ವಯಸ್ಸಿನಲ್ಲಿ ಗಂಡ ವಿಷ ಕುಡಿಯುವಂಥದ್ದು ಆ ಹೆಂಗಸು ಏನು ಮಾಡಿದಳೋ ಎಂದು. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ ಸತ್ಯ ನಾಲಿಗೆಗೆ ಬರಲಿಲ್ಲ. ವಾಸನೆ ಮುಚ್ಚಲು ನನ್ನ ಶಾಲು ಹೊದಿಸಿದೆ.

ಸಿದ್ದಪ್ಪ ಕೈಚೀಲ ಹಿಡಿದು ಒಳಗೆ ಬಂದ. "ಏನ್ ಅಮ್ಮಾವ್ರೆ ಹಿಂಗಂತೀರಿ? ಡಾಕ್ಟ್ರೇ, ತೆಂಗಿನ ಬೇರಿಗೆ ಔಷಧಿ ಕಟ್ತಿದ್ರು ಕಣ್ರೀ. ಪಂಚೆ ಮ್ಯಾಲೆ ಚೆಲ್ಕೊಂಡವ್ರೆ. ತಗಳಿ, ಡಬ್ಬಿ ತಂದೀನಿ."

ತಕ್ಷಣ ಬಟ್ಟೆ ಕತ್ತರಿಸಿ ತೆಗೆದರು. ಸೋಪು ಹಾಕಿ ಮೈ ತೊಳೆದರು. ವಿಷ ಇಳಿಸಲು ಅಟ್ರೊಪಿನ್ ಇಂಜೆಕ್ಷನ್, ಒಂದರ ಮೇಲೊಂದು.

"ಇಷ್ಟು ಹೊತ್ತೂ ಆ ಬಟ್ಟೆಯಿಂದ ವಿಷ ಒಳಗೆ ಹೋಗ್ತಾನೇ ಇತ್ತಮ್ಮ" ಎಂದರು ಡಾಕ್ಟರು.

ನಾನು ಹೊದಿಸಿದ ಶಾಲಿನಡಿ.

ತುಮಕೂರಿನ ಐಸಿಯುನಲ್ಲಿ ಐದು ದಿನ ವೆಂಟಿಲೇಟರ್. ಅದು ತೆಗೆದ ಮೇಲೂ ಎರಡು ದಿನ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಬೆರಳುಗಳು ಗಾಳಿಯಲ್ಲಿ ಗಂಟು ಹಾಕುತ್ತಿದ್ದವು. ಹೊರಗೆ ಕುರ್ಚಿಯಲ್ಲಿ ಕುಳಿತು ಕುಳಿತು ನನ್ನ ಕಾಲು ಊದಿದವು. ಪ್ರೇಯರ್ ಮಾಡಲೂ ಸುಸ್ತು.

ಮನೆಗೆ ಬಂದು ಮೂರು ವಾರವಾಯಿತು. ಇನ್ನೂ ಗೋಡೆ ಹಿಡಿದು ನಡೆಯುತ್ತಾರೆ. ನಿನ್ನೆ ಗಂಜಿ ಕುಡಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಗಂಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಫುಡ್ ಪಾಯ್ಸನ್ನಾ? ನಾನು ಹೋಗಿದ್ರೆ ನಿನ್ನ ಅಡುಗೆ ಮೇಲೆ ಬರ್ತಿತ್ತು ಕಣೇ. ಬುಡು. ಸಿದ್ದಪ್ಪಂಗೆ ಏನಾದ್ರೂ ಹೇಳಿದ್ಯಾ?"

ಹೇಳಿರಲಿಲ್ಲ. ಅವನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಇವತ್ತು ಅವನು ಬಂದಾಗ ಕಾಫಿ ಕೊಟ್ಟು ಎದುರಿಗೆ ಕುಳಿತೆ. ಥ್ಯಾಂಕ್ಸ್ ಎನ್ನುವುದು ತೀರ ಚಿಕ್ಕದಾಯಿತು. "ನಾನು ಬಾಯಿ ಮುಚ್ಚಿದೆ, ನೀನು ಬಾಯಿ ಬಿಟ್ಟೆ. ಅದಕ್ಕೇ ಅವರು ಉಳಿದರು" ಎಂದೆ.

ಸಿದ್ದಪ್ಪ ಲೋಟವನ್ನೇ ನೋಡುತ್ತಿದ್ದ. "ಬಾಯ್ ಬುಡೋಕೆ ನಂಗೂ ಹೆದ್ರಿಕೆ ಆಗಿತ್ತು ಅಮ್ಮಾವ್ರೆ" ಎಂದ.